ಕಪ್ಪು ಕಾಗದದ ಹನ್ನೊಂದು ಪೊಟ್ಟಣ

ಮಗುವಿನ ತಲೆಯನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿ ಹಿಡಿಯುವುದನ್ನು ನಾನು ಒಂದೇ ದಿನದಲ್ಲಿ ಕಲಿತೆ. ನಾನು ಸ್ಟೂಲಿನ ಮೇಲೆ, ಮಗು ನೆಲದ ಮೇಲೆ, ನನಗೆ ಬೆನ್ನು ಹಾಕಿ. ನನ್ನ ಪಾದಗಳನ್ನು ಅದರ ತೊಡೆಗಳ ಮೇಲೆ ಊರಿಬಿಟ್ಟರೆ ಅದು ಏಳಲಾರದು. ಎಡಗೈಯಿಂದ ಹಣೆ ಒತ್ತಿ ಹಿಡಿದರೆ ತಲೆ ಕದಲುವುದಿಲ್ಲ. ಬಲಗೈ ಚಿಮಟ ಹಿಡಿಯಲು ಬಿಡುವಾಗಿರುತ್ತದೆ. ಹಾಗೆ ಹಿಡಿದಾಗ ಮಗುವಿನ ಅಳು ಕಿವಿಗೆ ಕೇಳುವುದಕ್ಕಿಂತ ಮೊದಲು ಮೊಣಕಾಲಿನ ಚಿಪ್ಪಿನಲ್ಲಿ ತಿಳಿಯುತ್ತಿತ್ತು. ಅದು ನನಗೆ ಹಿತವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಮುಚ್ಚಿಟ್ಟು ಉಳಿದ ತಪ್ಪುಗಳನ್ನು ಒಪ್ಪಿಕೊಂಡರೆ ಆ ಒಪ್ಪಿಗೆಯೆಲ್ಲ ಅರ್ಧ ಸುಳ್ಳಾಗುತ್ತದೆ.

ಆಗ ಬಳ್ಳಾರಿ ಇನ್ನೂ ಮದ್ರಾಸಿನ ಆಡಳಿತದಲ್ಲಿತ್ತು. ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೈಸ್ಕೂಲು ಮುಗಿಸಿದ್ದ ನನಗೆ ಊರಿನ ಒಂದು ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸರ್ ಕೆಲಸ ಸಿಕ್ಕಿತ್ತು. ಕಂಟೋನ್ಮೆಂಟ್ ಕಡೆಯ ಗರಡಿಮನೆಯಲ್ಲಿ ದಿನಾ ಬೆಳಿಗ್ಗೆ ಸಾಮು ಮಾಡುತ್ತಿದ್ದೆ. ಚರ್ಮದ ರೋಗ ನೋಡುವ ಡಾಕ್ಟರು ಗುಂಟೂರಿನ ಕಡೆಯವರು. ಅವರ ಕನ್ನಡದ ತುಂಬ ತೆಲುಗು. ಒಂದು ದಿನ ನನ್ನ ತೋಳು ಹಿಸುಕಿ ನೋಡಿ, "ಏಮಯ್ಯಾ, ಇಂಥಾ ತೋಳು ಪಟ್ಟಿ ಸುತ್ತೋಕೆ ಯಾಕೆ ದಂಡ ಮಾಡ್ತೀ? ನನ್ನ ಜೊತೆ ಹಳ್ಳಿಗೆ ಬಾ. ಮಕ್ಕಳನ್ನ ಹಿಡಿಯೋರು ಬೇಕು" ಎಂದರು.

ಸುತ್ತಲಿನ ಊರುಗಳ ಶಾಲೆಗಳಲ್ಲಿ ಮಕ್ಕಳ ತಲೆಗೆ ಗಜಕರ್ಣ ಹತ್ತಿತ್ತು. ಕೂದಲು ಬುಡದಲ್ಲೇ ಮುರಿದು, ರೂಪಾಯಿಯಗಲದ ಬೋಳು ಮಚ್ಚೆಗಳು ಬೀಳುತ್ತಿದ್ದವು. ಮಚ್ಚೆಯ ಮೇಲೆ ಬೂದಿ ಎರಚಿದಂತೆ ಹೊಟ್ಟು. ಜನ ಅದನ್ನು ಹುಳ ಎನ್ನುತ್ತಿದ್ದರು. ಹುಳವಲ್ಲ, ರೊಟ್ಟಿಯ ಮೇಲೆ ಬರುವಂಥ ಒಂದು ಬಗೆಯ ಬೂಷ್ಟು ಎಂದು ಡಾಕ್ಟರು ನನಗೆ ಹೇಳಿಕೊಟ್ಟರು. ಯಾವ ಬೂಷ್ಟು ಎಂದು ತಿಳಿಯಬೇಕಾದರೆ ರೋಗ ಹತ್ತಿದ ಕೂದಲನ್ನೂ ಹೊಟ್ಟನ್ನೂ ತೆಗೆದು ಮದ್ರಾಸಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಗಾಜಿನ ತಟ್ಟೆಯಲ್ಲಿಟ್ಟು ಬೆಳೆಸಿ ನೋಡುತ್ತಾರೆ. ಮೂರು ನಾಲ್ಕು ವಾರ ಬೇಕು.

ಕೂದಲನ್ನು ಕತ್ತರಿಸಬಾರದು, ಕೀಳಬೇಕು. ಉದ್ದನೆಯ ಒಳ್ಳೆಯ ಕೂದಲಲ್ಲ, ಮುರಿದ ಮೋಟು ಕೂದಲು, ಅದೂ ಬುಡದ ಸಮೇತ. ಮೊದಲು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಏಕೆಂದರೆ ತಾಯಂದಿರು ಎಣ್ಣೆ, ಸುಣ್ಣ, ಬೆಣ್ಣೆ ಎಂದು ಏನೇನೋ ಬಳಿದಿರುತ್ತಾರೆ. ಆ ಸ್ಪಿರಿಟ್ಟಿಗೇ ಮಗು ಕಿರುಚುತ್ತಿತ್ತು. ಆಮೇಲೆ ಮೊಂಡು ಚಾಕುವಿನಿಂದ ಮಚ್ಚೆಯ ಅಂಚನ್ನು ಹೆರೆಯಬೇಕು. ಒಂದು ತಲೆಗೆ ಹತ್ತು ಹನ್ನೆರಡು ಕೂದಲು ಸಾಕು. ಸೀಸೆಯಲ್ಲಿ ಹಾಕಿದರೆ ಬೆವತು ಕೊಳೆಯುತ್ತದೆ, ಅದಕ್ಕೆ ಕಾಗದದ ಪೊಟ್ಟಣವೇ ಆಗಬೇಕು. ಎಕ್ಸ್‌ರೇ ಫಿಲ್ಮು ಸುತ್ತಿ ಬರುತ್ತಿದ್ದ ಕಪ್ಪು ಕಾಗದವನ್ನು ಡಾಕ್ಟರು ಇದಕ್ಕಾಗಿ ಕೂಡಿಡುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಹೊಟ್ಟು ಚೆನ್ನಾಗಿ ಕಾಣುತ್ತದೆ. ಐದು ಮಡಿಕೆ ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿ, ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಮಗುವಿನ ಹೆಸರು ಬರೆಯುವುದು. ಇಷ್ಟೇ ಕೆಲಸ. ನಿಧಾನವಾಗಿ, ಮಾತಾಡಿಸುತ್ತಾ ಮಾಡಿದ್ದರೆ ಯಾವ ಮಗುವಿಗೂ ಅಷ್ಟು ನೋವಾಗುತ್ತಿರಲಿಲ್ಲ. ನಾನು ಹಾಗೆ ಒಂದು ದಿನವೂ ಮಾಡಲಿಲ್ಲ.

ಸಿರುಗುಪ್ಪದ ಶಾಲೆಯಲ್ಲಿ ಒಬ್ಬ ಹುಡುಗ ನನ್ನ ಮುಂಗೈ ಕಚ್ಚಿದ. ಹಲ್ಲು ಚರ್ಮದೊಳಗೆ ಇಳಿದವು. ನಾನು ಅವನ ಕಿವಿಯ ಮೇಲೆ ಬಾರಿಸಿದೆ. ಅವನು ಉರುಳಿ ಬಿದ್ದು, ಎದ್ದು ಕೂತಾಗ ಕಿವಿಯಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವನ ಅಜ್ಜಿ ಕೂಗಿದಳು: "ಏನೋ ಯಪ್ಪಾ, ಕೋಳಿ ಪುಕ್ಕ ಕೀಳಾಕ ಹತ್ತೀಯೋ, ಕೂಸಿನ ಕೂದಲ ಕೀಳಾಕ ಹತ್ತೀಯೋ? ನಿಮ್ಮವ್ವ ನಿನಗ ಅನ್ನಾ ಹಾಕಿ ಬೆಳಸ್ಯಾಳೋ, ಕಲ್ಲ ಹಾಕಿ ಬೆಳಸ್ಯಾಳೋ?"

ಹೊರಗಿದ್ದ ಹೆಂಗಸರು ನಕ್ಕರು. ನಾನು ಆ ಹುಡುಗನನ್ನು ಮತ್ತೆ ಎಳೆದು ಮೊಣಕಾಲುಗಳ ನಡುವೆ ಸಿಕ್ಕಿಸಿದೆ. ಈ ಸಲ ಬೇಕಾದದ್ದಕ್ಕಿಂತ ಹೆಚ್ಚು ಬಿಗಿಯಾಗಿ. ಡಾಕ್ಟರು, "ಹಿಡಿಯೋಕೆ ಹೇಳಿದ್ದಯ್ಯಾ, ಕೊಲ್ಲೋಕಲ್ಲ" ಎಂದು ಗೊಣಗಿ ಮುಂದಿನ ಮಗುವನ್ನು ಕರೆದರು. ಅವರಿಗೆ ಪೊಟ್ಟಣಗಳು ಬೇಕಾಗಿದ್ದವು. ನಾನು ತಂದುಕೊಡುತ್ತಿದ್ದೆ.

ಸಿರುಗುಪ್ಪದ ನಂತರ ಕುರುಗೋಡು.

ಅಲ್ಲಿಗೆ ಹೋಗುವ ಹೊತ್ತಿಗೆ ಊರಿನಲ್ಲಿ ಹೊಡೆದಾಟ ಶುರುವಾಗಿಹೋಗಿತ್ತು. ಒಂದೇ ಓಣಿಯ ಹನ್ನೊಂದು ಮಕ್ಕಳಿಗೆ ತಲೆ ಬೋಳಾಗಿತ್ತು. ಆ ಓಣಿಯ ದೊಡ್ಡ ರೈತನನ್ನು ಊರವರು ಗೌಡರು ಎಂದು ಕರೆಯುತ್ತಿದ್ದರು. ಅವರ ಮಗಳಿಗೂ ಆಗಿತ್ತು. ಊರಿನ ಕ್ಷೌರಿಕನ ಕತ್ತಿಯಿಂದಲೇ ರೋಗ ಹರಡಿತು ಎಂದು ಗೌಡರು ಅವನಿಗೆ ಆಗಲೇ ಹೊಡೆದಿದ್ದರು. ಚಾವಡಿಯ ಮುಂದೆ ಅವನು ಕೈ ಕಟ್ಟಿ ನಿಂತಿದ್ದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಎಡಗಣ್ಣು ಊದಿ ಮುಚ್ಚಿಹೋಗಿತ್ತು.

"ಡಾಕ್ಟ್ರ, ಪರೀಕ್ಷಿ ಗಿರೀಕ್ಷಿ ಯಾಕ ಬೇಕ್ರಿ?" ಎಂದರು ಗೌಡರು. "ಇಂವನ ಕತ್ತಿ ತಗಲಿದ ತಲಿಗೆಲ್ಲಾ ಹುಳಾ ಹಿಡದೈತಿ. ಇಂವನ್ನ ಊರ ಬಿಡಿಸಿದ್ರ ರೋಗಾನೂ ಊರ ಬಿಡತೈತಿ."

ಕ್ಷೌರಿಕ ತಲೆ ಎತ್ತದೆ ಹೇಳಿದ: "ನನ್ನ ಕತ್ತಿ ತಗಲದ ತಲಿ ಈ ಊರಾಗ ಯಾವುದೈತ್ರಿ ಗೌಡ್ರ? ನಿಮ್ಮ ತಲಿಗೂ ತಗಲೈತಿ. ನಿಮಗ್ಯಾಕ ಹಿಡೀಲಿಲ್ಲ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಗೌಡರು ಕುಳಿತಲ್ಲಿಂದಲೇ ಅವನ ಹೊಟ್ಟೆಗೆ ಒದ್ದರು. ಅವನು ಮುದುಡಿ ಕೂತು, ಉಸಿರು ಹಿಡಿದುಕೊಂಡು, ಮತ್ತೆ ಎದ್ದು ನಿಂತ.

ಡಾಕ್ಟರು ಆ ಹೊತ್ತಿಗೆ ಗೌಡರ ಕೊಟ್ಟಿಗೆಯನ್ನು ನೋಡಿ ಬಂದಿದ್ದರು. ಕರುಗಳ ಕಣ್ಣಿನ ಸುತ್ತ, ಮೂತಿಯ ಮೇಲೆ, ಬೂದಿ ಬಣ್ಣದ ಹಕ್ಕಳೆಗಳಿದ್ದವು. ಆ ಓಣಿಯ ಹುಡುಗ ಹುಡುಗಿಯರಿಗೆ ಒಂದು ಆಟವಿತ್ತು. ಕರುವಿನ ಹಣೆಗೆ ತಮ್ಮ ತಲೆ ಕೊಟ್ಟು ಗುಮ್ಮುವುದು, ಯಾರು ಹಿಂದೆ ಸರಿಯುತ್ತಾರೋ ಅವರು ಸೋತಂತೆ. ಡಾಕ್ಟರು ಅದನ್ನೂ ಕಣ್ಣಾರೆ ಕಂಡಿದ್ದರು. ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಬೂಷ್ಟಿನಲ್ಲಿ ಎರಡು ಜಾತಿ ಇದೆ. ಒಂದು ದನದಿಂದ ಬರೋದು. ಇನ್ನೊಂದು ಮನುಷ್ಯರಿಂದ ಮನುಷ್ಯರಿಗೆ, ಬಾಚಣಿಗೆ, ಟೋಪಿ, ಕತ್ತಿ ಇಂಥದರಿಂದ ಬರೋದು. ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ. ಮದ್ರಾಸಿನಲ್ಲಿ ಬೆಳೆಸಿ ನೋಡಿದರೆ ಗೊತ್ತಾಗ್ತದೆ."

"ನನ್ನ ದನಕ್ಕ ರೋಗ ಅಂತೀರೇನ್ರಿ?" ಗೌಡರ ಮುಖ ಕೆಂಪಾಯಿತು.

"ನಾನು ಏನೂ ಅನ್ನಲ್ಲ. ಕಾಗದ ಬರಲಿ. ಅಲ್ಲಿ ತನಕ ಇವನ ಮೈ ಯಾರೂ ಮುಟ್ಟಬಾರದು. ಮುಟ್ಟಿದರೆ ಪೊಲೀಸರಿಗೆ ಬರೀತೀನಿ."

"ಆತ್ರಿ. ದನದ್ದು ಅಂತ ಬಂದ್ರ ನಾ ಇಂವನ ಕಾಲಿಗೆ ಬೀಳ್ತೀನಿ, ಚಾವಡ್ಯಾಗ, ಎಲ್ಲಾರ ಮುಂದ. ಮನಷ್ಯಾರದು ಅಂತ ಬಂದ್ರ?"

"ಬಂದರೆ ಕತ್ತಿ ಕುದಿಸಿ ಬಳಸೋಕೆ ಹೇಳಿಕೊಡ್ತೀನಿ."

"ಬಂದ್ರ ಏನ ಮಾಡಬೇಕು ಅಂಬೋದು ನನಗ ಗೊತ್ತೈತಿ" ಎಂದರು ಗೌಡರು.

ಹೀಗೆ ಒಬ್ಬ ಮನುಷ್ಯನ ಬದುಕು ನಾನು ಕೀಳಬೇಕಾದ ಕೂದಲಿನ ಮೇಲೆ ನಿಂತಿತು. ಇದು ನನಗೆ ಅಂದೇ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಮರುದಿನ ಬೆಳಿಗ್ಗೆ ತೆಕ್ಕಲಕೋಟೆಯಲ್ಲಿ ವಾಂತಿಭೇದಿ ಎಂದು ಡಾಕ್ಟರಿಗೆ ಕರೆ ಬಂತು. "ನೀನು ಕಲಿತಿದ್ದೀಯಲ್ಲ, ಹನ್ನೊಂದು ತಲೆ ಮುಗಿಸಿ ಬಸ್ಸಿಗೆ ಬಳ್ಳಾರಿಗೆ ಬಾ" ಎಂದು ಹೇಳಿ ಅವರು ಹೊರಟುಹೋದರು. ಶಾಲೆಯ ಅಂಗಳದಲ್ಲಿ ನಾನು ಸ್ಟೂಲು ಹಾಕಿಕೊಂಡು ಕೂತೆ. ಮಕ್ಕಳ ಅಪ್ಪಂದಿರು ಒಂದು ಕಡೆ, ಗೌಡರು ಅವರ ಮುಂದೆ. ಕ್ಷೌರಿಕ ದೂರದಲ್ಲಿ ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದ.

ಎರಡನೆಯ ಮಗುವಿನ ತಲೆಯಿಂದ ನಾನು ಕಿತ್ತಾಗ ಅವನು ಕೂಗಿದ: "ಅದಲ್ರೀ, ಅದು ಚೊಲೋ ಕೂದಲ. ಮಗ್ಗಲಿನ ಮೋಟು ಕೂದಲ ಹಿಡೀರಿ. ಬುಡದಾಗ ಬೆಳ್ಳಗ ಆಗಿರ್ತೈತಿ ನೋಡ್ರಿ."

ಅವನು ಹೇಳಿದ್ದು ಸರಿಯಾಗಿತ್ತು. ಅವನ ಕಣ್ಣಿಗೆ ಕೂದಲು ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಅಪ್ಪಂದಿರಲ್ಲಿ ಒಬ್ಬ, "ಏ, ದವಾಖಾನಿಯವನಿಗೆ ಹಜಾಮ ಪಾಠ ಹೇಳಾಕ ಹತ್ಯಾನ ನೋಡ್ರಲೇ" ಎಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಬಾಯಿ ಮುಚ್ಚಲೇ! ಇನ್ನೊಂದು ಮಾತಾಡಿದರೆ ನಿನ್ನ ತಲೆಯನ್ನೇ ಇಲ್ಲಿ ಸಿಕ್ಕಿಸ್ತೀನಿ" ಎಂದೆ. ಅವನು ಬಾಯಿ ಮುಚ್ಚಿದ. ಆದರೆ ಅವನು ತೋರಿಸಿದ ಕೂದಲನ್ನೇ ನಾನು ಕಿತ್ತೆ. ಆ ಅವಮಾನವನ್ನು ಉಳಿದ ಮಕ್ಕಳ ತಲೆಯ ಮೇಲೆ ತೀರಿಸಿಕೊಂಡೆ. ಚಾಕು ಒತ್ತಿ ಒತ್ತಿ ಹೆರೆದೆ. ಅಂಗಳದಲ್ಲಿ ಅಳು ಏರಿತು. ಕೆಲವು ತಾಯಂದಿರು ಬೈಯುತ್ತಾ ಮಕ್ಕಳನ್ನು ಎತ್ತಿಕೊಂಡು ಓಡಿದರು, ಗಂಡಂದಿರು ಅವರನ್ನು ಜಗ್ಗಿ ಹಿಂದಕ್ಕೆ ತಂದರು.

ಕೊನೆಯವಳು ಗೌಡರ ಮಗಳು. ಎಂಟು ವರ್ಷದ ಗಟ್ಟಿ ಹುಡುಗಿ. ನನ್ನ ಮೀನಖಂಡಕ್ಕೆ ಉಗುರು ಹಾಕಿ ಎಳೆದಳು. ನಾನು ಅವಳ ಹಣೆಯನ್ನು ಹಿಂದಕ್ಕೆ ಜಗ್ಗಿ ಚಾಕು ಇಳಿಸಿದೆ. ಅದು ಮೊಂಡಾಗಿದ್ದರೂ ಮಚ್ಚೆಯ ಅಂಚು ಕಿತ್ತು ಬಂತು. ರಕ್ತ ಅವಳ ಕತ್ತಿನ ಹಿಂದಿನಿಂದ ಇಳಿದು ಲಂಗದ ದಾರದವರೆಗೆ ಹರಿಯಿತು. ಕೂದಲು, ಹೊಟ್ಟು ಸಿಕ್ಕಿತು. ನಾನು ಪೊಟ್ಟಣ ಮಡಿಸಿ ಹೆಸರು ಬರೆದು, ತಗಡಿನ ಪೆಟ್ಟಿಗೆಯಲ್ಲಿದ್ದ ಉಳಿದ ಹತ್ತರ ಜೊತೆ ಇಟ್ಟೆ. ತಲೆ ಎತ್ತುವಷ್ಟರಲ್ಲಿ ಗೌಡರ ಮೊದಲ ಏಟು ಮೂಗಿಗೆ ಬಿತ್ತು.

"ನನ್ನ ಮಗಳನ್ನ ಕುರಿ ಸುಲದಂಗ ಸುಲೀತೀಯೇನಲೇ, ಸೂಳೀಮಗನ!"

ಗರಡಿಯಲ್ಲಿ ಕಲಿತದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ಜನ ಸೇರಿದರು. ನಾನು ನೆಲದ ಮೇಲಿದ್ದಾಗ ಯಾರದೋ ಕಾಲು ತಗಡಿನ ಪೆಟ್ಟಿಗೆಯನ್ನು ಒದ್ದಿತು. ಪೊಟ್ಟಣಗಳು ಅಂಗಳದ ತುಂಬ ಹಾರಿದವು. ಕಾಗದಕ್ಕೆ ಅಂಟು ಇರಲಿಲ್ಲ, ಬರೀ ಮಡಿಕೆ. ಬಿಚ್ಚಿಕೊಂಡವು. ಬಯಲಿನ ಗಾಳಿ ಬೀಸುತ್ತಿತ್ತು. ಹೊಡೆಯುವವರು ದಣಿದು ನಿಂತ ಮೇಲೆ ನಾನು ಮೊಣಕಾಲಿನ ಮೇಲೆ ತೆವಳುತ್ತಾ ಹನ್ನೊಂದು ಕಪ್ಪು ಕಾಗದಗಳನ್ನು ಹೆಕ್ಕಿದೆ. ಹೆಸರುಗಳು ಹಾಗೇ ಇದ್ದವು. ಒಳಗೇನಿದೆ ಎಂದು ಅವರ ಎದುರಿಗೆ ನೋಡಲು ನಾಚಿಕೆಯಾಗಿ, ಎಲ್ಲ ಸರಿಯಿದೆ ಎಂಬಂತೆ ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕಿ ನಡೆದೆ. ನೋಡಿದವರೆಲ್ಲ ಕೂದಲು ಒಳಗೇ ಇವೆ ಎಂದುಕೊಂಡರು.

ಊರಿನ ಹೊರಗೆ, ಬಸ್ಸು ನಿಲ್ಲುವಲ್ಲಿ, ಗುಂಡುಬಂಡೆಯ ನೆರಳಿಗೆ ಕೂತು ಬಿಚ್ಚಿ ನೋಡಿದೆ. ಒಂಬತ್ತರಲ್ಲಿ ಏನೂ ಇರಲಿಲ್ಲ. ಎರಡರಲ್ಲಿ ಮಣ್ಣು, ಒಂದೆರಡು ಕೂದಲು, ಯಾರದೋ ತಿಳಿಯದು. ಮೂಗಿನಿಂದ ರಕ್ತ ತೊಟ್ಟಿಕ್ಕಿ ಕಪ್ಪು ಕಾಗದದ ಮೇಲೆ ಬೀಳುತ್ತಿತ್ತು. ಬರಿಗೈಯಲ್ಲಿ ಹೋದರೆ ಡಾಕ್ಟರು ಏನೆನ್ನುತ್ತಾರೆ ಎಂದು ಹೆದರಿದೆ. ಹಳ್ಳಿಯವರ ಕೈಯಲ್ಲಿ ಏಟು ತಿಂದದ್ದು ಗರಡಿಯ ಗೆಳೆಯರಿಗೆ ಗೊತ್ತಾದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಆಗ ಕ್ಷೌರಿಕ ಬಂದ. ಜೊತೆಗೆ ಒಬ್ಬ ಪುಟ್ಟ ಹುಡುಗಿ, ಆರು ವರ್ಷವಿರಬಹುದು. ಅವಳ ತಲೆಗೆ ಟವಲು ಸುತ್ತಿತ್ತು.

"ಡಾಕ್ಟ್ರ, ಇಕಿ ನನ್ನ ಮಗಳ್ರಿ" ಎಂದ. ನಾನು ಡಾಕ್ಟರಲ್ಲ ಎಂದು ನಾನು ಹೇಳಲಿಲ್ಲ. ಅವನು ಟವಲು ಬಿಚ್ಚಿದ. ಹಿಂದಲೆಯಲ್ಲಿ ದೊಡ್ಡ ಮಚ್ಚೆ, ಪಕ್ಕದಲ್ಲಿ ಎರಡು ಚಿಕ್ಕವು.

"ಊರಾಗ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರ ನನ್ನ ಜೀವಂತ ಬಿಡಾಂಗಿಲ್ಲ. ಆದರ ನನ್ನ ಮನ್ಯಾಗ ದನ ಇಲ್ಲ, ಕರಾ ಇಲ್ಲ. ಇಕಿಗೆ ಬಳ್ಳಾರ್ಯಾಗ ಸ್ವಾದರತ್ತಿ ಮನ್ಯಾಗ ಹತ್ತೇತ್ರಿ, ಅಲ್ಲಿ ಹುಡುಗರಿಗೆಲ್ಲಾ ಐತಿ. ಇಕಿ ತಲಿಗೆ ನಾ ಯಾವತ್ತೂ ಕತ್ತಿ ಹಚ್ಚಿಲ್ಲ. ಇಕೀ ಕೂದಲಾನೂ ಒಯ್ರಿ. ನನ್ನ ಮನ್ಯಾಗಿನ ಹುಳಾ ಬ್ಯಾರೆ, ಊರ ಹುಡುಗರ ಹುಳಾ ಬ್ಯಾರೆ ಅಂತ ಬಂದ್ರ ನನ್ನ ಕತ್ತಿ ಪಾರಾಗತೈತಿ. ಹೌದಲ್ರೀ?"

ಅವನು ಓದಿದವನಲ್ಲ. ಡಾಕ್ಟರು ಚಾವಡಿಯಲ್ಲಿ ಹೇಳಿದ್ದನ್ನು ಒಂದೇ ಸಲ ಕೇಳಿ ಇಷ್ಟನ್ನು ಲೆಕ್ಕ ಹಾಕಿದ್ದ. ತನ್ನ ಮನೆಯ ಗುಟ್ಟನ್ನು ನನ್ನ ಕೈಗೆ ಕೊಟ್ಟಿದ್ದ.

"ಹೌದು" ಎಂದೆ. "ಹಿಡ್ಕೋ."

ಅವನೇ ಮಗಳನ್ನು ತೊಡೆಯ ಮೇಲೆ ಬೋರಲು ಮಲಗಿಸಿ ಹಿಡಿದ. ನಾನು ಕೀಳಲು ಶುರು ಮಾಡಿದೆ. ಹತ್ತು, ಇಪ್ಪತ್ತು, ಐವತ್ತು. ದೊಡ್ಡ ಮಚ್ಚೆ ಮುಗಿಸಿ ಚಿಕ್ಕವಕ್ಕೆ ಹೋದೆ. ಮೋಟು ಕೂದಲು ಮುಗಿದ ಮೇಲೆ ಚಾಕು ತೆಗೆದುಕೊಂಡು ಹೆರೆದೆ. ಚರ್ಮ ಕೆಂಪಾಗಿ, ಒಸರಿ, ಹಸಿ ಗಾಯವಾಯಿತು. ಆ ಹುಡುಗಿ ಅಳಲಿಲ್ಲ. ಅಪ್ಪನ ಧೋತರವನ್ನು ಬಾಯಿಗೆ ತುರುಕಿಕೊಂಡಳು. ಮಲಗಿದಲ್ಲೇ ಲಂಗ ಒದ್ದೆ ಮಾಡಿಕೊಂಡಳು.

"ಒಂದ ತಲಿಗೆ ಇಷ್ಟ ಬೇಕೇನ್ರಿ? ಸಾಲ್ಯಾಗ ಹತ್ತ ಹನ್ನೆರಡ ಕಿತ್ತಿದ್ರಿ" ಎಂದ ಅವನು.

"ಇದು ತಾಳೆ ನೋಡೋ ಪರೀಕ್ಷೆ. ಹೆಚ್ಚು ಬೇಕು."

"ಆತ್ರಿ. ನಿಮಗ ತಿಳೀತೈತಿ." ಆಮೇಲೆ, ನಾನು ಎಲ್ಲವನ್ನೂ ಒಂದು ದೊಡ್ಡ ಕಪ್ಪು ಕಾಗದದಲ್ಲಿ ಮಡಿಸುವಾಗ, "ಹೆಸರು ಬರೀಲಿಲ್ಲಲ್ರಿ?" ಎಂದ.

"ಬಳ್ಳಾರಿಯಲ್ಲಿ ಬರೀತೀನಿ."

ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಮಟದಿಂದ ಆ ಕೂದಲನ್ನು ಹನ್ನೊಂದು ಪಾಲು ಮಾಡಿದೆ. ಹನ್ನೊಂದು ಹೆಸರಿನ ಹನ್ನೊಂದು ಪೊಟ್ಟಣ. ಹನ್ನೆರಡನೆಯ ಹೆಸರು ಬರೆಯಲಿಲ್ಲ. ಡಾಕ್ಟರಿಗೆ ಬಸ್ಸಿನ ಮೆಟ್ಟಿಲಿನಿಂದ ಬಿದ್ದೆ ಎಂದು ಮೂಗು ತೋರಿಸಿದೆ. ಅವರು ಪೊಟ್ಟಣಗಳನ್ನು ಎಣಿಸಿ, "ಪರವಾಗಿಲ್ಲ, ಗಟ್ಟಿಗ" ಎಂದರು.

ನಾಲ್ಕು ವಾರ ಕಳೆದವು. ಒಂದು ದಿನವಾದರೂ ಬಾಯಿ ಬಿಡಬಹುದಿತ್ತು. ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಲಿ ಎಂದು ಹಾರೈಸುತ್ತಾ ಸುಮ್ಮನಿದ್ದೆ. ಕಾಗದ ಬಂತು. ಹನ್ನೊಂದರಲ್ಲೂ ಒಂದೇ ಬೂಷ್ಟು, ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದು. ಡಾಕ್ಟರು ಅದನ್ನು ಎರಡು ಸಲ ಓದಿದರು. "ವಿಚಿತ್ರ. ಆ ಕರುಗಳನ್ನು ನಾನು ಕಣ್ಣಾರೆ ಕಂಡೆನಲ್ಲ" ಎಂದರು. ಕೊಟ್ಟ ಮಾತಿನಂತೆ ಅವರು ಚಾವಡಿಯಲ್ಲಿ ಓದಲು ಹೊರಟರು. ನನ್ನನ್ನೂ ಕರೆದೊಯ್ದರು.

ಊರು ಸೇರಿತ್ತು. ಡಾಕ್ಟರು ಓದಿ ಮುಗಿಸಿ, "ಆದರೆ ಇದರಲ್ಲಿ ಇವನ ತಪ್ಪು ಏನೂ ಇಲ್ಲ, ಕತ್ತಿಯನ್ನ ಕುದಿಯೋ ನೀರಿನಲ್ಲಿ" ಎಂದು ಶುರು ಮಾಡಿದರು. ಯಾರಿಗೂ ಅದು ಬೇಕಾಗಿರಲಿಲ್ಲ. ಕ್ಷೌರಿಕ ಮಾತ್ರ ಮುಂದೆ ಬಂದ.

"ನನ್ನ ಮಗಳದು ಏನ ಬಂತ್ರಿ?"

"ಯಾವ ಮಗಳು?" ಎಂದರು ಡಾಕ್ಟರು. "ಇರೋದು ಹನ್ನೊಂದೇ ಹೆಸರು."

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಲೆಕ್ಕ ಕೂಡುತ್ತಾ ಹೋದದ್ದನ್ನು ನಾನು ಕಂಡೆ. ಕೂಡಿ ಮುಗಿದಾಗ ಅವನ ಬಾಯಿ ತೆರೆಯಿತು.

"ಅಷ್ಟೂ ನನ್ನ ಮಗಳ ಕೂದಲ್ರೀ! ಇವರು ಬಸ್ ನಿಲ್ಲೋ ಕಡೆ ಕುಂತು ಆಕೀ ತಲಿ ಅಷ್ಟೂ ಕಿತ್ತರು! ಊರ ಹುಡುಗರದು ಒಂದೂ ಹೋಗಿಲ್ರಿ ಮದ್ರಾಸಿಗೆ!"

"ನಿನ್ನ ಮಗಳಿಗೂ ಐತೇನಲೇ? ಮುಚ್ಚಿಟ್ಟಿದ್ದೇನಲೇ?" ಗೌಡರು ಎದ್ದು ನಿಂತರು.

ಡಾಕ್ಟರು ನನ್ನನ್ನು ನೋಡಿ, "ಏಮಯ್ಯಾ, ಇವನು ಹೇಳೋದು ನಿಜವಾ?" ಎಂದು ಕೇಳಿದರು.

ಒಂದು ಮಾತು ಸಾಕಿತ್ತು. ಹೌದು ಎಂದಿದ್ದರೆ ನನಗೆ ಇನ್ನೊಂದು ಸಲ ಒದೆ ಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಆ ಕ್ಷೌರಿಕನ ಕೆನ್ನೆಗೆ ನನ್ನ ಶಕ್ತಿಯೆಲ್ಲ ಹಾಕಿ ಹೊಡೆದೆ. "ಸುಳ್ಳು ಹೇಳ್ತೀಯಾ!" ಎಂದೆ.

ಅವತ್ತಿನ ಮೊದಲ ಏಟು ನನ್ನದು. ಅವನು ಕಂಬಕ್ಕೆ ಬಡಿದು ಬಿದ್ದ. ಉಳಿದವರು ಅದಕ್ಕೇ ಕಾದಿದ್ದವರಂತೆ ಮುಗಿಬಿದ್ದರು. ಡಾಕ್ಟರು ನಡುವೆ ನುಗ್ಗಿದರು, ಅವರ ಕನ್ನಡಕ ಕಾಲಡಿಗೆ ಹೋಯಿತು, ಯಾರೋ ಅವರನ್ನು ಎತ್ತಿ ಗೋಡೆಗೆ ಒತ್ತಿ ನಿಲ್ಲಿಸಿದರು. ಕ್ಷೌರಿಕ ತೆವಳಿ ಬಂದು ನನ್ನ ಕಾಲು ಹಿಡಿದುಕೊಂಡ. "ಹೇಳ್ರಿ, ಖರೇ ಹೇಳ್ರಿ" ಎನ್ನುತ್ತಿದ್ದ. ನಾನು ಕಾಲು ಕೊಡವಿ ಬಿಡಿಸಿಕೊಂಡೆ. ಅವನನ್ನು ಎಳೆದುಕೊಂಡು ಹೋಗಿ ಚಾವಡಿಯ ಕಲ್ಲು ಮೆಟ್ಟಿಲಿನ ಮೇಲೆ ಬಲಗೈ ಚಾಚಿಸಿ ಇಬ್ಬರು ಹಿಡಿದರು. ಗೌಡರು ಕೊಡಲಿಯ ಕಾವಿನಿಂದ ಮೂರು ಸಲ ಹೊಡೆದರು. ಒಣಗಿದ ಜೋಳದ ದಂಟು ಮುರಿದಂಥ ಸದ್ದಾಯಿತು. ಎರಡನೆಯ ಏಟಿನ ನಂತರ ಅವನು ಕಿರುಚುವುದನ್ನು ನಿಲ್ಲಿಸಿದ. ಮೂರನೆಯದು ಸುಮ್ಮನಿದ್ದ ಕೈಯ ಮೇಲೆ ಬಿತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಆ ಕೈಗೆ ಹಲಗೆ ಕಟ್ಟಿ ಪಟ್ಟಿ ಸುತ್ತಿದವನು ನಾನೇ. ಅದು ನನ್ನ ಕೆಲಸವಾಗಿತ್ತು. ಅವನು ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಪಟ್ಟಿ ಮುಗಿದಾಗ ಗೋಡೆಗೇ ಹೇಳಿದ: "ನನ್ನ ಮಗಳ ತಲಿ ಕೀವು ತುಂಬೈತಿ. ಮುಲಾಮು ಕೊಡ್ರಿ." ಕೊಟ್ಟೆ. ಡಾಕ್ಟರು ಪೊಲೀಸರಿಗೆ ಬರೆದರು, ಆದರೆ ಊರಿನವರು ಯಾರೂ ಸಾಕ್ಷಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎರಡು ತಿಂಗಳ ನಂತರ ಗೌಡರು ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ನಾನು ಹೆರೆದಿದ್ದ ಗಾಯ ಹಣ್ಣಾಗಿ ಮಾಯದೆ ಉಳಿದಿತ್ತು. ಡಾಕ್ಟರು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿ ತಾವೇ ಅವಳ ಕೂದಲು ತೆಗೆದರು. ಬಾಗಿಲ ಸಂದಿನಿಂದ ನೋಡಿದೆ. ಅವಳ ಕೈಗೆ ಸ್ಪಿರಿಟ್ಟಿನ ಸೀಸೆಯ ಮುಚ್ಚಳ ಕೊಟ್ಟು, ಏನೋ ಕತೆ ಹೇಳುತ್ತಾ, ಒಂದೊಂದೇ ಕೂದಲನ್ನು ಎಳೆಯುತ್ತಿದ್ದರು. ಅವಳು ಅಳಲಿಲ್ಲ. ಪೊಟ್ಟಣವನ್ನು ಅವರೇ ಅಂಚೆಗೆ ಹಾಕಿದರು.

ಆ ಕಾಗದ ಬಂದ ದಿನ ಅವರು ಅದನ್ನು ನನ್ನ ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ನನಗೆ ವರ್ಗವಾಗಿದೆ. ಇದನ್ನ ಮೊದಲು ಅವನಿಗೆ ಓದಿ ಹೇಳು. ಆಮೇಲೆ ಚಾವಡಿಯಲ್ಲಿ ಓದು. ನೀನೇ ಓದಬೇಕು" ಎಂದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಕ್ಷೌರಿಕ ಕುರುಗೋಡು ಬಿಟ್ಟು ಸಿರುಗುಪ್ಪದಲ್ಲಿ ಹೆಂಡತಿಯ ತವರಿನಲ್ಲಿದ್ದ. ನಾನು ಹೋದಾಗ ಅಂಗಳದಲ್ಲಿ ಕೂತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದ. ಬಲಗೈಯ ಬೆರಳುಗಳು ಒಳಕ್ಕೆ ಮಡಿಸಿಕೊಂಡು ಹಾಗೇ ನಿಂತಿದ್ದವು. ಅವನ ಮಗಳು ನನ್ನನ್ನು ಕಂಡದ್ದೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಒಳಗೆ ಓಡಿದಳು.

ನಾನು ನಿಂತೇ ಕಾಗದ ಓದಿದೆ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ. ಅವನು, "ಇನ್ನೊಮ್ಮಿ ಓದ್ರಿ" ಎಂದ. ಓದಿದೆ.

"ಅವತ್ತ ನಾ ಹೇಳಿದ್ದು ಖರೇ ಅಲ್ರೀ?"

"ಖರೆ" ಎಂದೆ. ನಾನು ನಿಜ ಒಪ್ಪಿಕೊಂಡದ್ದು ಅದೇ ಮೊದಲ ಸಲ.

ಅವನು ಎದ್ದು ಎಡಗೈಯಿಂದ ನನಗೆ ಹೊಡೆದ. ಹೊಡೆದು ಅಭ್ಯಾಸವಿಲ್ಲದ ಕೈ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕಿವಿಗೆ. ನಾನು ಕೈ ಎತ್ತಲಿಲ್ಲ. ಅವನ ಹೆಂಡತಿ ಒಳಗಿನಿಂದ, "ಇನ್ನೂ ಹಾಕ್ರಿ ಆ ಹಾಟ್ಯಾಗ" ಎಂದು ಕೂಗಿದಳು. ಅವನು ಹೊಡೆದು ಹೊಡೆದು ಏದುಸಿರು ಬಿಡುತ್ತಾ ಶೇಂಗಾ ಸಿಪ್ಪೆಯ ಮೇಲೆ ಕುಸಿದು ಕೂತ. ಕೂತಲ್ಲಿಂದಲೇ ಕೇಳಿದ: "ಚಾವಡ್ಯಾಗ ಓದ್ತೀರಿಲ್ಲೋ? ಕೈಯಂತೂ ಹೋತು. ಆ ಊರಾಗ ನನ್ನ ಅಪ್ಪ, ಅಜ್ಜ ಕತ್ತಿ ಹಿಡದಾರ. ಅವರ ಹೆಸರಿಗೆ ಹೊಲಸು ಹತ್ತೇತಿ. ಅಷ್ಟ ತೊಳೀರಿ."

ಅಷ್ಟಾದರೂ ಅವನು ನನಗೆ ಬಹುವಚನವನ್ನೇ ಕೊಟ್ಟ. "ಓದ್ತೀನಿ" ಎಂದೆ.

ಮರುದಿನವೇ ಕುರುಗೋಡಿನ ಬಸ್ಸು ಹತ್ತಿದೆ. ಕಾಗದ ಅಂಗಿಯ ಜೇಬಿನಲ್ಲಿತ್ತು. ಗೌಡರು ಚಾವಡಿಯ ಕಟ್ಟೆಯ ಮೇಲೆ ಐದಾರು ಜನರ ಜೊತೆ ಕೂತಿದ್ದರು. ನನ್ನನ್ನು ಕಂಡು, "ಏನಪಾ ಪೈಲ್ವಾನ್, ಮತ್ತ ಕೂದಲ ಕೀಳಾಕ ಬಂದಿಯೇನು? ನಮ್ಮವು ಖಾಲಿ ಆಗ್ಯಾವು ನೋಡು" ಎಂದು ತಮ್ಮ ಬೋಳು ತಲೆ ತೋರಿಸಿ ನಕ್ಕರು. ಎಲ್ಲರೂ ನಕ್ಕರು. "ಅವತ್ತ ಸಿಟ್ಟಿನ್ಯಾಗ ನಿನಗ ಎರಡ ಬಿಟ್ಟೆ, ಮನಸಿನ್ಯಾಗ ಇಟಗೋಬ್ಯಾಡ. ನೀನೂ ಆ ಮಗನಿಗೆ ಚೊಲೋ ಹಾಕಿದಿ ಬಿಡು. ಬಾ, ಕುಂದರು. ಏ, ಚಾ ತರ್ರಲೇ."

ಅವರ ಪಕ್ಕದಲ್ಲಿ ಕೂತೆ. ಕೆಳಗೆ ಆ ಕಲ್ಲು ಮೆಟ್ಟಿಲಿತ್ತು. ಚಹಾ ಬಂತು, ಕುಡಿದೆ. ಹತ್ತಿಯ ಮಾತು, ಮಳೆಯ ಮಾತು ನಡೆಯಿತು. ಎರಡು ಸಲ ಜೇಬಿಗೆ ಕೈ ಹಾಕಿದೆ, ಎರಡು ಸಲವೂ ಬರಿಗೈ ತೆಗೆದೆ. ಯಾಕೆ ಬಂದೆ ಎಂದು ಅವರು ಕೇಳಿದಾಗ, ಮಗಳ ಗಾಯ ಮಾದಿದೆಯೇ ನೋಡಲು ಬಂದೆ ಎಂದೆ. ಗೌಡರಿಗೆ ಸಂತೋಷವಾಯಿತು. ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹಿಂದಿರುಗಿದೆ. ಸಿರುಗುಪ್ಪಕ್ಕೆ ಮತ್ತೆ ಎಂದೂ ಹೋಗಲಿಲ್ಲ. ಅವನು ಎಷ್ಟು ದಿನ ಕಾದನೋ ನನಗೆ ಗೊತ್ತಿಲ್ಲ. ಈಗ ಗೌಡರಿಲ್ಲ, ಅವನೂ ಇರಲಿಕ್ಕಿಲ್ಲ. ಅವನ ಮಗಳು ಎಲ್ಲಿಯಾದರೂ ಇರಬಹುದು, ಅವಳ ಮಕ್ಕಳು ಓದುಬಲ್ಲವರಿರಬಹುದು.

ಆ ಕಾಗದದಲ್ಲಿದ್ದದ್ದು ಇಷ್ಟು: ಕುರುಗೋಡಿನ ಗೌಡರ ಮಗಳ ತಲೆಗೆ ರೋಗ ಬಂದದ್ದು ದನದಿಂದ. ಕ್ಷೌರಿಕನ ಕತ್ತಿಯಿಂದ ಅಲ್ಲ.